ಆಳು ಬೇಡದ ತಟ್ಟಿ

೧೯೫೪ ಏಪ್ರಿಲ್ ೧೯, ಸೋಮವಾರ
ಮತ್ತೆ ನೂರಾ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್. ಹನ್ನೊಂದಕ್ಕೇ ಆಫೀಸಿನ ಕಿಟಕಿಗಳಿಗೆ ಕಟ್ಟಿದ ಲಾವಂಚದ ತಟ್ಟಿಗಳು ಒಣಗಿದ್ದವು. ಡ್ರಾಯಿಂಗ್ ಮೇಲೆ ಬೆವರು ಬಿದ್ದು ಇಂಕು ಹರಡಿತು. ಕಿಟಕಿ ಹದಿನಾಲ್ಕು, ನೀರು ಎರಚುವವಳು ಗಂಗೂಬಾಯಿ ಒಬ್ಬಳೇ. ಸಾಹೇಬರು ನನ್ನನ್ನೇ ಹಿಡಿದರು: “ಉಮಾಕಾಂತ, ಡ್ರಾಫ್ಟ್ಸ್‌ಮನ್ ಹೋ, ಕುಛ್ ಬನಾವೋ.” ಏನಾದರೂ ಮಾಡಬೇಕಂತೆ. ಸರಿ.

ಏಪ್ರಿಲ್ ೨೮
ತಟ್ಟಿಯ ಮೇಲೆ ತಗಡಿನ ತೊಟ್ಟಿ ಕೂರಿಸಿ ತಳಕ್ಕೆ ತೂತು ಕೊರೆಸಿದೆ. ಸಣ್ಣ ತೂತು — ಇಲ್ಲಿನ ನೀರಿನ ಸುಣ್ಣಕ್ಕೆ ಮೂರೇ ದಿನದಲ್ಲಿ ಕಟ್ಟಿಕೊಂಡಿತು. ದೊಡ್ಡದು — ಅರ್ಧ ಗಂಟೆಯಲ್ಲಿ ತೊಟ್ಟಿ ಖಾಲಿ, ನೆಲವೆಲ್ಲ ಕೆರೆ. ಥೂ!

ಗಂಗೂಬಾಯಿ ನಕ್ಕಳು. ಹಳೆ ಸೀರೆಯ ಅಂಚು ಹರಿದು ಹೊಸೆದು, ಒಂದು ತುದಿ ನೀರಿಗೆ, ಇನ್ನೊಂದು ತಟ್ಟಿಗೆ ಇಳಿಬಿಟ್ಟಳು. “ದಿವ್ಯಾಚೀ ವಾತ ತೇಲ ಓಢತೇ ನಾ, ಸಾಹೇಬ?” ದೀಪದ ಬತ್ತಿ ಎಣ್ಣೆ ಎಳೆಯುವುದಿಲ್ಲವೇ ಎಂದು. ನೀರು ಹದವಾಗಿ ಇಳಿಯತೊಡಗಿತು. ನನ್ನ ಡಿಪ್ಲೊಮಾಕ್ಕೆ ನಾಚಿಕೆಯಾಯಿತು.

ಮೇ ೩
ಬತ್ತಿಗೂ ಸುಣ್ಣ ಹಿಡಿಯುತ್ತದೆ. ದಿನಕ್ಕೆರಡು ಸಲ ಹಿಂಡಿ ತೊಳೆದರೆ ಬರೋಬರ್. ಆದರೂ ಸಾಹೇಬರಿಗೆ ಕೊಟ್ಟ ನೋಟಿನಲ್ಲಿ ‘ಆಳು ಬೇಕಿಲ್ಲ’ ಎಂದು ಬರೆದೆ. ಇಲ್ಲದಿದ್ದರೆ ಮಂಜೂರಿ ಸಿಗದು. ಕೆಳಗೆ ನನ್ನೊಬ್ಬನದೇ ಹೆಸರು.

ಮೇ ೧೭
ಮಂಜೂರಾಯಿತು. ಅದೇ ಕಾಗದದಲ್ಲಿ ಗಂಗೂಬಾಯಿಯ ಕೆಲಸಕ್ಕೂ ಕೊನೆ. ಹೋಗುವ ಮುಂಚೆ ಬತ್ತಿಯನ್ನು ಹರಿಯದಂತೆ ಹಿಂಡುವುದು ಹೇಗೆಂದು ನನಗೆ ತೋರಿಸಿಕೊಟ್ಟಳು. ಸಿಟ್ಟೂ ಮಾಡಲಿಲ್ಲ, ಪುಣ್ಯಾತ್ಗಿತ್ತಿ.

ಮನೆಯಲ್ಲಿ ಹೆಂಡತಿ ಕೃಷ್ಣವೇಣಿಗೆ ಹೇಳಿದೆ. ತಟ್ಟೆ ಕುಕ್ಕಿದಳು. “ಆಕಿ ಬುದ್ಧಿ ತಗೊಂಡು ಆಕೀಗೇ ಬಾಗಲಾ ಹಾಕಿದ್ರ್ಯಾ? ಉಂಡ ಮನಿ ಜಂತಿ ಎಣಿಸ್ದಂಗಾತು!” ಅನ್ನ ಸೇರಲಿಲ್ಲ.

ಮೇ ೨೬
ಹದಿನಾಲ್ಕು ಕಿಟಕಿಗೂ ತೊಟ್ಟಿ, ಬತ್ತಿ ಕೂತವು. ಶನಿವಾರದವರೆಗೆ ಬತ್ತಿಗಳನ್ನು ನಾನೇ ತೊಳೆದೆ, ಯಾರೂ ಬರುವ ಮೊದಲು ಒಮ್ಮೆ, ಎಲ್ಲರೂ ಹೋದ ಮೇಲೆ ಒಮ್ಮೆ. ಆಮೇಲೆ ಎರಡು ದಿನ ಕಾಮಠಿ ಸೈಟು. ಬಂದು ನೋಡಿದರೆ ಹದಿನಾಲ್ಕೂ ಬತ್ತಿ ಕಡ್ಡಿಯಾಗಿವೆ, ತಟ್ಟಿ ಒಣಗಿವೆ, ಗುಮಾಸ್ತ ಬಿಂದುಮಾಧವ ಸೆಕೆಗೆ ತಲೆ ಸುತ್ತಿ ಬಿದ್ದಿದ್ದಾನೆ. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದೆವು. ಡಿಸೈನಿನಲ್ಲಿ ಏನು ತಪ್ಪು ಎಂದು ಸಾಹೇಬರು ಕೇಳಿದರು. “ನಾಳೆ ಬರೆದು ಕೊಡ್ತೇನೆ, ಸರ್” ಎಂದೆ. ಹೇಡಿ ನಾನು.

ಮೇ ೨೭, ಬೆಳಿಗ್ಗೆ ೭
ಹೊಸ ನೋಟ್ ಬರೆಯಲು ಕುಳಿತೆ. ‘ಇದಕ್ಕೆ ದಿನವೂ ಒಬ್ಬರ ಕೈ ಬೇಕು. ಮೊದಲ ನೋಟಿನಲ್ಲಿ ಅದನ್ನು ಮುಚ್ಚಿಟ್ಟೆ. ಬತ್ತಿಯ ಉಪಾಯವೂ ನನ್ನದಲ್ಲ. ಅದನ್ನು ಕಂಡುಹಿಡಿದವರು ಶ್ರೀಮತಿ ಗಂಗೂಬಾಯಿ —’

ಅಡ್ಡಹೆಸರೇನು? ಆರು ಬೇಸಿಗೆ ಅವಳು ಎರಚಿದ ನೀರಿನ ತಂಪಿನಲ್ಲಿ ಕೂತಿದ್ದೇನೆ. ಒಮ್ಮೆಯೂ ಕೇಳಲಿಲ್ಲ. ಮನೆ ಗಾಂಧಿಬಾಗಿನ ಹಿಂದೆ ಎಲ್ಲೋ ಅಂದಿದ್ದಳು... ಈಗಲೇ ಹೊರಟರೆ ಆಫೀಸಿಗೆ ಮೊದಲು ಅವಳನ್ನೇ ಕೇಳಿಕೊಂಡು —