ಡ್ರಿಪ್ಪಿನ ದಿನ ಮೆಷಿನ್ ನಂಬಬೇಡ

ಡಿಂಪಲ್,

ಅಮ್ಮಚ್ಚಿಯ ಕ್ಯಾನ್ಸರ್ ಡಾಕ್ಟರನ್ನು ಕಾಣಲು ಏಳರ ಬಸ್ಸಿಗೆ ಪುತ್ತೂರಿಗೆ ಹೋಗುತ್ತಿದ್ದೇನೆ. ಪಪ್ಪ ಅಮ್ಮಚ್ಚಿಗೆ ವಿಟಮಿನ್ ಸಿ ಡ್ರಿಪ್ ಹಾಕಿಸಿ ಹನ್ನೊಂದಕ್ಕೆ ಕರಕೊಂಡು ಬರುತ್ತಾರೆ. ಗಂಜಿ ಕುಕ್ಕರಿನಲ್ಲಿ ಉಂಟು, ಬಿಸಿ ಮಾಡಿ ಕೊಡು.

ಶುಗರ್ ಮೆಷಿನ್ ಎಷ್ಟೇ ತೋರಿಸಲಿ, ಅದನ್ನು ನೋಡಿ ಇನ್ಸುಲಿನ್ ಕೊಡಬೇಡ. ಆ ಡ್ರಿಪ್ ಹಾಕಿದ ದಿನ ಅದು ಇಲ್ಲದ ಸಕ್ಕರೆಯನ್ನು ತೋರಿಸುತ್ತದಂತೆ. ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಅವರ ಲೆಕ್ಕ ನನಗೆ ತಿಳಿಸು, ಡಾಕ್ಟರನ್ನು ಕೇಳಿ ಹೇಳುತ್ತೇನೆ. ಬೆವರಿದರೆ, ಮಾತು ತೊದಲಿದರೆ ಎಚ್ಚರ ಇರುವಾಗಲೇ ಸಕ್ಕರೆ ನೀರು ಕುಡಿಸು, ಕೂಡಲೇ ಫೋನ್ ಮಾಡು.

ಕಳೆದ ಮಂಗಳವಾರ ಅಮ್ಮಚ್ಚಿ ಎಚ್ಚರ ತಪ್ಪಿದ್ದು ನಿಶ್ಶಕ್ತಿಯಿಂದ ಅಲ್ಲ. ಡ್ರಿಪ್ ಹಾಕಿಸಿ ಬಂದ ಮೇಲೆ ಮೆಷಿನ್ ನಾನೂರ ಹತ್ತು ತೋರಿಸಿತು, ಅದನ್ನು ನಂಬಿ ನಾನು ಇನ್ಸುಲಿನ್ ಕೊಟ್ಟೆ. ನಿನ್ನೆ ಡಾಕ್ಟರು ಫೋನಿನಲ್ಲಿ ಹೇಳಿದಾಗ ಗೊತ್ತಾಯಿತು. ಫೋನ್ ಇಟ್ಟು ಪಾತ್ರೆ ತೊಳೆದೆ. ಅಳು ಬರಲಿಲ್ಲ, ಈಗಲೂ ಬರುತ್ತಿಲ್ಲ.

ಪಪ್ಪನಿಗೆ ಸಂಜೆ ನಾನೇ ಹೇಳುತ್ತೇನೆ. "ಡ್ರಿಪ್ ಹಾಕಿದ ದಿನ ಅಮ್ಮ ಎರಡು ಚಮಚ ಹೆಚ್ಚು ಉಣ್ಣುದಿಲ್ವಾ, ನೀನೇ ಹೇಳು ಲೀಲಾ" ಎನ್ನುತ್ತಾರೆ. ಉಣ್ಣುವುದು ನಿಜ. ಅದು ಔಷಧಿಯಿಂದಲೋ, ಆ ದಿನ ಮಗ ಹತ್ತಿರ ಕೂತು ಉಣಿಸುವುದರಿಂದಲೋ ನನಗೆ ತಿಳಿಯದು. ಡ್ರಿಪ್ ಬೇಕೋ ಬೇಡವೋ ಎಂದು ಎದುರು ಕೂತು ಮಾತಾಡುವ ಎಂದಿದ್ದಾರೆ ಡಾಕ್ಟರು.

ಅಮ್ಮಚ್ಚಿ ಇಂಜೆಕ್ಷನಿಗೆ ನನ್ನನ್ನು ಕೇಳಿದರೆ ಸಂಜೆ ಬರುತ್ತಾಳೆ ಎನ್ನು. ಎಚ್ಚರ ತಪ್ಪಿದ ಮರುದಿನ, ಬುಧವಾರವೂ ತೋಳು ಚಾಚಿ, ಮಗಳನ್ನು ಕರೆಯುವ ಹಾಗೆ, "ನೀನೇ ಕೊಡು ಮೋಳೆ, ನಿನ್ನ ಕೈಯಲ್ಲಿ ನೋವೇ ಆಗುದಿಲ್ಲ" ಎಂದರು.

ಅಮ್ಮ