ಗೌರಿಯ ಮುಖದ ಮಸಿ

ನನ್ನ ಮೊಮ್ಮಗಳ ಸಾಕುತಾಯಿ ಪೊನ್ನಮ್ಮನಿಗೆ,

ನೀನಿದ್ದಾಗ ‘ಏ ಪೊನ್ನಮ್ಮ’ ಎನ್ನುವುದು ಬಿಟ್ಟು ಬೇರೆ ಹೇಗೂ ನಿನ್ನನ್ನು ಕರೆದವಳಲ್ಲ ನಾನು. ಸಾಕುತಾಯಿ ಎಂಬ ಮಾತನ್ನು ಇವತ್ತೇ ಮೊದಲು ಬರೆಯುತ್ತಿದ್ದೇನೆ. ಸಲೀಸಾಗಿ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀನು ತೀರಿಹೋಗಿ ಮೂರು ವರ್ಷವಾಯಿತು. ನಿನ್ನ ವಿಷಯದಲ್ಲಿ ನಮ್ಮ ಮನೆಯಿಂದ ಒಂದು ತಪ್ಪಾಗಿದೆ. ಮಾಡಿದ್ದು ಗೌರಿ. ಕಲಿಸಿದ್ದು ನಾನು.

ನಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ದ ಮೂಟೆಯನ್ನು ನೀನು ಎತ್ತುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮಂಡಿ ಬಗ್ಗಿಸಿ, ಸೊಂಟ ಕೊಟ್ಟು, ಒಂದೇ ಉಸಿರಿಗೆ ಬೆನ್ನ ಮೇಲೆ. ಗಂಡಾಳುಗಳು ನಿಂತು ನೋಡುತ್ತಿದ್ದರು. ಗೌರಿಯ ಅಮ್ಮ ಹಾಸಿಗೆ ಹಿಡಿದಿದ್ದ ಆ ವರ್ಷಗಳಲ್ಲಿ ಕೂಸು ನಿನ್ನ ಬೆನ್ನು ಬಿಟ್ಟು ಇಳಿದದ್ದೇ ಇಲ್ಲ. ಮೂಟೆ ಎತ್ತುವ ಆ ಪಟ್ಟನ್ನು ಗೌರಿ ನಿನ್ನನ್ನು ನೋಡಿಯೇ ಕಲಿತದ್ದು. ಈಗ ಅದರಿಂದಲೇ ಅನ್ನ ತಿನ್ನುತ್ತಾಳೆ. ಹೌದು, ನಿನ್ನ ಪಾಪು ಕುಸ್ತಿಯವಳಾಗಿದ್ದಾಳೆ. ಗರಡಿ ಕುಸ್ತಿಯಲ್ಲ, ಟಿವಿಯಲ್ಲಿ ಬರುತ್ತಿತ್ತಲ್ಲ, ಬಣ್ಣದ ಬಟ್ಟೆ ಹಾಕಿಕೊಂಡು ಹಗ್ಗದ ಚೌಕದೊಳಗೆ ಎತ್ತಿ ಎಸೆಯುವುದು, ಅದು. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂದು ಮೊದಲೇ ಮಾತಾಗಿರುತ್ತದೆ. ಜನ ಟಿಕೆಟ್ ತೆಗೆದು ಬರುವುದು ಒಬ್ಬರಿಗೆ ಜೈ ಅನ್ನುವುದಕ್ಕೆ, ಇನ್ನೊಬ್ಬರನ್ನು ಬಾಯಿತುಂಬ ಬೈಯುವುದಕ್ಕೆ. ಬೈಸಿಕೊಳ್ಳುವ ಪಾತ್ರ ಗೌರಿಯದು.

ಕಳೆದ ತಿಂಗಳು ಹಾಸನದಲ್ಲಿ ಅವಳ ಆಟ ಇತ್ತು. ನಿನ್ನ ಮಗಳು ಸೆಲ್ವಿಯನ್ನು ನಾನೇ ಜೀಪಿನಲ್ಲಿ ಹತ್ತಿಸಿಕೊಂಡು ಹೋದೆ. ಈಗ ನಮ್ಮ ಕಾಫಿ ಸಸಿಗಳ ನರ್ಸರಿ ಪೂರ್ತಿ ಅವಳ ಕೈಯಲ್ಲೇ ಇದೆ. “ನಿಮ್ಮವ್ವ ಸಾಕಿದ ಕೂಸು ಎಷ್ಟು ದೊಡ್ಡದಾಗಿದೆ ನೋಡುವಂತೆ ಬಾರೇ” ಎಂದೆ. ಪಾತ್ರ ಯಾವುದು ಅಂತ ಒಂದು ಮಾತು ಕೇಳಿಕೊಂಡಿದ್ದರೆ... ಕೇಳಲಿಲ್ಲ. ಮೊದಲು ‘ಚೀನಾದ ವಿಷಸರ್ಪ’ ಎಂದು ಒಬ್ಬ ಬಂದ. ಹಾಲ್ ಪೂರ್ತಿ ಬೈಯಿತು, ನಾನೂ ಬೈದೆ. ಆಮೇಲೆ ತಿಳಿಯಿತು, ಆ ಹುಡುಗ ಅಸ್ಸಾಮಿನವನಂತೆ, ಈಗ ನಮ್ಮ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ಇರುವವರ ಕಡೆಯವನೇ. ಅವನನ್ನು ಬೈಯುವಾಗ ನನಗೆ ಏನೂ ಅನಿಸಿರಲಿಲ್ಲ ಪೊನ್ನಮ್ಮ.

ಅವನ ಹಿಂದೆಯೇ ಗೌರಿ ಬಂದಳು. ಮೈಕಿನಲ್ಲಿ ‘ಲೈನ್ ರಾಕ್ಷಸಿ’ ಎಂದು ಕೂಗಿದರು. ಮುಖಕ್ಕೆ, ಕೈಗೆ ಮಸಿ ಬಳಿದುಕೊಂಡಿದ್ದಳು. ಬಾಯಿತುಂಬ ಎಲೆಯಡಿಕೆ, ಮಂಡಿವರೆಗೆ ಎತ್ತಿ ಕಟ್ಟಿದ ಸೀರೆ, ತಲೆಗೆ ಗೋಣಿಚೀಲದ ಕೊಪ್ಪೆ. ಹಗ್ಗದ ಹತ್ತಿರ ನಿಂತು ಕೈ ಹೊಸೆಯುತ್ತ, “ಅಮ್ಮಾ, ನಾನ್ ಬಂದಾಚ್ಚು” ಎಂದಳು. ನಿನ್ನ ದನಿ, ನಿನ್ನದೇ ತಮಿಳು ಬೆರೆತ ಕನ್ನಡ! ನೀನು ನಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಹಾಗೆಯೇ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಜನ ಬಿದ್ದು ಬಿದ್ದು ನಕ್ಕರು. “ನಿನ್ನೂರಿಗೆ ಹೋಗೇ ಕರಿಮೂತಿ!” ಎಂದು ಒಬ್ಬ ಕೂಗಿದ. ನಮ್ಮ ಹಿಂದಿನ ಸಾಲಿನವನು, “ಈ ಲೈನ್‌ನೋರೆಲ್ಲ ಹಿಂಗೇ ಕಣ್ರೋ, ಕೈಗೆ ಸಿಕ್ಕಿದ್ದು ಎತ್ಕಂಡ್ ಹೋಗ್ಬುಡ್ತಾರೆ” ಎಂದ. ಆಮೇಲೆ ನಡೆದದ್ದನ್ನು ಬರೆಯದೆ ಬಿಡಬಹುದಿತ್ತು. ನಿನಗೆ ಬರೆಯುವಾಗ ಸುಳ್ಳೇಕೆ? ಆ ದನಿ ಕೇಳಿದ ಕೂಡಲೇ ಹಳೆಯ ಅಭ್ಯಾಸಕ್ಕೆ ನನಗೂ ನಗು ಬಂತು. ನಕ್ಕೆ. ಪಕ್ಕಕ್ಕೆ ತಿರುಗಿದರೆ ಸೆಲ್ವಿ ಚೌಕದ ಕಡೆ ನೋಡುತ್ತಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಆಟ ಮುಗಿದ ಮೇಲೆ ಒಳಗೆ ಹೋದೆ. ಗೌರಿ ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. “ಅಜ್ಜಿ, ಹೆಂಗೆ ಬೈದ್ರು ಕೇಳಿದ್ರಾ? ಅವರು ಬೈದಷ್ಟೂ ನಾನು ಗೆದ್ದಂಗೆ!”

“ಯಾರ ಮುಖ ಹಾಕ್ಕೊಂಡು ಗೆದ್ದೆ?” ಎಂದೆ.

“ಪಾತ್ರ ಅಲ್ವಾ ಅಜ್ಜಿ ಅದು? ಪೊನ್ನಮ್ಮನ ಮೇಲೆ ನಂಗೆ ಪ್ರೀತಿ ಇಲ್ವಾ?”

“ಪ್ರೀತಿಗೆ ಮಸಿ ಯಾತಕ್ಕೆ?”

ಅವಳು ಬಟ್ಟೆ ಕೆಳಗಿಟ್ಟಳು. “ನೀವೇ ಕಲಿಸಿದ್ದಲ್ವಾ? ನೆಂಟರು ಬಂದಾಗೆಲ್ಲ ಊಟದ ಟೇಬಲ್ ಹತ್ರ ನಿಲ್ಸಿ, ‘ಗೌರಿ, ಪೊನ್ನಮ್ಮನ ಹಂಗೆ ಮಾತಾಡೇ’ ಅಂತಿದ್ರಿ. ಮಾತಾಡಿದ್ರೆ ಹೋಳಿಗೆ ಕೊಡ್ತಿದ್ರಿ. ಅಲ್ಲಿ ಹತ್ತು ಜನ ನಗ್ತಿದ್ರು, ಇಲ್ಲಿ ಸಾವಿರ ಜನ. ಅಷ್ಟೇ ವ್ಯತ್ಯಾಸ ಅಜ್ಜಿ.”

ಹೋಳಿಗೆಯ ತಟ್ಟೆ ಒಳಗಿನಿಂದ ತರುತ್ತಿದ್ದವಳೂ ನೀನೇ. ಬಾಗಿಲಲ್ಲಿ ನಿಂತು ನೀನೂ ನಗುತ್ತಿದ್ದೆ. ನಿನಗೂ ಅದು ತಮಾಷೆಯೇ ಎಂದುಕೊಂಡಿದ್ದೆ.

ವಾಪಸ್ ಬರುವಾಗ, ಬಾಳ್ಳುಪೇಟೆ ಹತ್ತಿರ, ಸೆಲ್ವಿ ರಸ್ತೆ ನೋಡಿಕೊಂಡೇ ಹೇಳಿದಳು. “ಅಮ್ಮಾವ್ರೇ, ನಮ್ಮವ್ವ ಲೈನಲ್ಲಿ ಹಂಗೆ ಮಾತಾಡ್ತಿರಲಿಲ್ಲ. ಅಲ್ಲಿ ಅವಳು ಬಾಯಿ ಬಿಟ್ರೆ ಮೇಸ್ತ್ರಿನೂ ಸುಮ್ಕಾಗೋನು. ಹೆದ್ರುಕೊಂಡು ಕೈ ಹೊಸ್ಕೊಂಡು ಮಾತಾಡ್ತಿದ್ದುದು ನಿಮ್ಮ ಬಾಗಿಲಲ್ಲಿ ಮಾತ್ರ.” ನಾನು ಗದರಬಹುದಿತ್ತು. ಗದರಲಿಲ್ಲ. “ಮುಂದಿನ ಆಟ ಸಕಲೇಶಪುರದಲ್ಲಂತೆ. ಎಲ್ಲಾ ಎಸ್ಟೇಟಿನ ಲೈನ್‌ನೋರೂ ಬತ್ತಾರೆ. ನಮ್ಮ ಮಕ್ಕಳೂ ಬತ್ತವೆ” ಎಂದಳು. ಅಷ್ಟೇ.

ಮಾರನೆಯ ದಿನ ಗೌರಿಗೆ ಫೋನ್ ಮಾಡಿದೆ. “ಸಕಲೇಶಪುರದಲ್ಲಿ ಆ ಮಸಿ ಬಳ್ಕೊಂಡು ನಿಂತೆಯೋ, ಈ ಹೊಸ್ತಿಲು ತುಳಿಯಬೇಡ.” ಅವಳ ಉತ್ತರ ಗಟ್ಟಿಯಾಗಿತ್ತು. “ವಿಲನ್ ಇಲ್ದೆ ಆಟ ಇಲ್ಲ ಅಜ್ಜಿ. ಇದು ಬಿಟ್ರೆ ಕಂಪನಿಯವರು ನನ್ನನ್ನೂ ಬಿಡ್ತಾರೆ. ಜನ ಯಾರನ್ನ ಬೈಬೇಕು, ನೀವೇ ಹೇಳಿ.” ಫೋನ್ ಇಟ್ಟುಬಿಟ್ಟಳು. ಎರಡು ದಿನ ಬಿಟ್ಟು ಸೆಲ್ವಿ ರಜೆ ಕೇಳಿದಳು. ಎಲ್ಲಿಗೆ ಎಂದರೆ, “ಬತ್ತೀನಿ ಅಮ್ಮಾವ್ರೇ” ಎಂದಳೇ ಹೊರತು ಊರು ಹೇಳಲಿಲ್ಲ. ನಾಲ್ಕು ದಿನ ನರ್ಸರಿಗೆ ನಾನೇ ನೀರು ಹಾಕಿಸಿದೆ. ಕೆಲಸ ಬಿಟ್ಟು ಹೋದಳು ಎಂದೇ ಲೆಕ್ಕ ಹಾಕಿದ್ದೆ. ಬಂದಳು. ಬಂದು, “ಭಾನುವಾರ ಮಧ್ಯಾಹ್ನ ಆಟ. ಬತ್ತೀರಲ್ಲ?” ಎಂದು ಕೇಳಿದಳು. ಹೋಗದಿದ್ದರೆ ಹೆದರಿದ ಹಾಗಾಗುತ್ತಿತ್ತು. ಮುಂದಿನ ಸಾಲಿನಲ್ಲಿಯೇ ಕೂತೆ.

ನಿನ್ನೆ ಸಕಲೇಶಪುರದ ಆ ಹಾಲ್ ನೀನು ನೋಡಬೇಕಿತ್ತು. ಸೇಲಂ ಕಡೆಯ ಹಳಬರು, ಅಸ್ಸಾಮಿನ ಹೊಸಬರು, ಎಲ್ಲರ ಮಕ್ಕಳೂ ಬೆಂಚುಗಳ ಮೇಲೆ. ಗೌರಿಯ ಹೆಸರು ಕೂಗಿದಾಗ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಬಂದಳು. ಮಸಿ ಇಲ್ಲ, ಕೊಪ್ಪೆ ಇಲ್ಲ. ಜರಿ ಸೀರೆ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಮೂಗಿನ ತುದಿಗೆ ಕನ್ನಡಕ. ಚೌಕದೊಳಗೆ ಕಾಲಿಟ್ಟವಳು ಬಗ್ಗಿ ನೆಲಕ್ಕೆ ಬೆರಳು ತಾಗಿಸಿ, ಧೂಳು ಇದೆಯಾ ಎಂದು ನೋಡಿದಳು. ಆಮೇಲೆ ಬೆಂಚುಗಳ ಕಡೆ ತಿರುಗಿ, ಬೀಗದ ಕೈ ಅಲ್ಲಾಡಿಸಿ, “ಯಾರದು ಒಳಗೆ ಬಂದಿದ್ದು? ಹಿಂದ್ಗಡೆ ಬಾಗ್ಲು ಕಾಣಲ್ವಾ?” ಎಂದಳು.

ಹಾಲ್ ಸೀಳಿಹೋಯಿತು ಪೊನ್ನಮ್ಮ. ಸಿಳ್ಳೆ, ಕೂಗು. “ಅಮ್ಮಾವ್ರು ಬಂದ್ರು, ಎದ್ದೇಳ್ರೋ!” ಎಂದು ಮುದುಕನೊಬ್ಬ ಕೂಗಿದ. ಅವನಿಗೆ ಮೂವತ್ತು ವರ್ಷ ಕೂಲಿ ಕೊಟ್ಟವಳು ನಾನು. ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತು ಬೈದವು. ಎದ್ದು ಹೊರಟುಬಿಡಬೇಕು ಎನಿಸಿತು. ಎದ್ದಿದ್ದರೆ ಅವಳು ಅಣಕಿಸುತ್ತಿದ್ದುದು ಯಾರನ್ನು ಎಂದು ಗೊತ್ತಿಲ್ಲದವರಿಗೂ ಗೊತ್ತಾಗುತ್ತಿತ್ತು. ಕೂತೆ. ಪಕ್ಕದಲ್ಲಿ ಸೆಲ್ವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ತಿರುಗಿದ್ದೇ ತಡ, ನಿಂತುಬಿಟ್ಟಿತು ಅವಳ ನಗು.

“ಯಾಕೆ ನಿಲ್ಲಿಸ್ದೆ? ನಗು” ಎಂದೆ. ನಗು ಅನ್ನುವುದನ್ನೂ ನಾನು ಅಪ್ಪಣೆಯ ಹಾಗೆಯೇ ಹೇಳಿದೆನಂತೆ. ಅದಕ್ಕೆ ಅವಳು ಇನ್ನಷ್ಟು ನಕ್ಕಳು.

ಇವತ್ತು ಬೆಳಿಗ್ಗೆ ಗೌರಿ ಮನೆಗೆ ಬಂದಳು. ಬಾಗಿಲು ತೆಗೆದೆ. ನನಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ನೆಲ ಮುಟ್ಟಿ ನೋಡುವುದು, ಬೀಗದ ಕೈ ಅಲ್ಲಾಡಿಸುವುದು, ಹಿಂದಿನ ಬಾಗಿಲಿನ ಮಾತು, ಇದನ್ನೆಲ್ಲ ಅಷ್ಟು ಚೆನ್ನಾಗಿ ಅವಳು ಕಲಿತದ್ದು ಯಾರಿಂದ? ನನ್ನೆದುರು ಯಾರೂ ನನ್ನ ಹಾಗೆ ಆಡಿ ತೋರಿಸಿದವರಿಲ್ಲ.

“ಸೆಲ್ವಿ ಅಕ್ಕ ನಾಲ್ಕು ದಿನ ನನ್ನ ರೂಮಲ್ಲೇ ಇದ್ದು ಹೇಳ್ಕೊಟ್ಳು” ಎಂದಳು. ಆಮೇಲೆ ನನ್ನ ಮುಖ ನೋಡಿ, ಹೇಳಲೋ ಬೇಡವೋ ಎಂದು ತಡವರಿಸಿ, ಹೇಳಿಯೇಬಿಟ್ಟಳು. “ಅವಳಿಗೆ ಅವಳವ್ವ ಕಲಿಸಿದ್ದಂತೆ ಅಜ್ಜಿ. ಸಂಜೆ ಕೆಲಸ ಮುಗಿದ ಮೇಲೆ ಲೈನಿನ ಮುಂದೆ ಪೊನ್ನಮ್ಮ ದಿನಾ ನಿಮ್ಮ ಹಂಗೆ ಆಡಿ ತೋರಿಸ್ತಿದ್ಳಂತೆ. ನೋಡೋಕೆ ಪಕ್ಕದ ಎಸ್ಟೇಟಿನವರೂ ಬರ್ತಿದ್ರಂತೆ.”

ಬಹಳ ಚೆನ್ನಾಗಿ ಆಡುತ್ತಿದ್ದೆಯಂತೆ.

ನಿನ್ನ ಒಡತಿ ಅಂತ ಬರೆಯಲು ಹೊರಟಿದ್ದೆ,
ಗೌರಿಯ ಅಜ್ಜಿ