ಹಂಚಿನ ಕಿವಿ ಕಟ್ಟೆ ಏರಿದ ದಿನ

ಹುಬ್ಬಳ್ಳಿ,
ಫೆಬ್ರುವರಿ ೩೦, ೨೧೭೪

ನೂರೈವತ್ತು ವರ್ಷ ಹಿಂದಿರುವ ಗೆಳೆಯರೇ,

ಕಾರಣ ಹೇಳದೆ ಬಾಗಿಲು ಮುಚ್ಚುವುದು ಅನ್ಯಾಯ. ನಿಮ್ಮ ಕಾಲದಲ್ಲಿ ಅದು ದಿನವೂ ನಡೆಯುತ್ತಿದೆ. ಒಬ್ಬಳು ವರ್ಷವಿಡೀ ಕೂತು ಒಂದು ಆ್ಯಪ್ ಕಟ್ಟುತ್ತಾಳೆ. ಆ್ಯಪ್ ಅಂಗಡಿಯ ದೊರೆಗಳು ‘ನಮ್ಮ ನಿಯಮಕ್ಕೆ ಹೊಂದುವುದಿಲ್ಲ’ ಎಂಬ ಒಂದು ಸಾಲು ಕಳಿಸಿ ಸುಮ್ಮನಾಗುತ್ತಾರೆ. ಯಾವ ನಿಯಮ, ಎಲ್ಲಿ ತಪ್ಪಿತು ಎಂದು ಕೇಳೋಣವೆಂದರೆ ಎದುರಿಗೆ ಒಂದು ಮುಖವೂ ಇಲ್ಲ. ಅದೇ ಬಾಗಿಲಿನಿಂದ, ದುಡ್ಡು ಕೊಟ್ಟು ಕೊಂಡುತಂದ ಮೆಚ್ಚುಗೆಯ ನಕ್ಷತ್ರಗಳನ್ನು ಹಣೆಗೆ ಅಂಟಿಸಿಕೊಂಡ ಕಳ್ಳ ಆ್ಯಪ್‌ಗಳು ಎದೆಯುಬ್ಬಿಸಿ ಒಳಗೆ ಹೋಗುತ್ತವೆ. ನಿಮ್ಮ ಕಾಲದ ಕರಪತ್ರಗಳಲ್ಲಿ ಇದನ್ನು ಓದಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ನೀವ್ಯಾರೂ ಈಗ ಬದುಕಿಲ್ಲ ಎಂಬುದನ್ನೂ ಮರೆತು ಪತ್ರ ಬರೆಯಲು ಕೂತೆ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರುವರಿಗೆ ಮಾತ್ರ ಯಾಕೆ ಕಡಿಮೆ ದಿನ ಎಂದು ನಮ್ಮ ಮುತ್ತಜ್ಜಿಯರು ಜಗಳವಾಡಿ ಅದನ್ನು ಸರಿಪಡಿಸಿದ್ದಾರೆ. ನನ್ನ ಕೆಲವು ಪದಗಳೂ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನೀವು ಆ್ಯಪ್ ಎನ್ನುವುದನ್ನು ನಾವು ಕೈಯಾಳು ಎನ್ನುತ್ತೇವೆ. ನಿಮ್ಮ ಆ್ಯಪ್ ಅಂಗಡಿಯ ಜಾಗದಲ್ಲಿ ನಮಗೆ ಬಯಲುಕಟ್ಟೆ ಇದೆ. ಊರೂರಿಗೂ ಒಂದು, ನಮ್ಮದು ಉಣಕಲ್ ಕೆರೆಯ ದಂಡೆಯ ಮೇಲೆ. ಪ್ರತಿ ರವಿವಾರ ಯಾರು ಬೇಕಾದರೂ ಅಲ್ಲಿಗೆ ಕೈಯಾಳನ್ನು ತರಬಹುದು. ತಂದವರು ಅದರ ಹೊಟ್ಟೆಯೊಳಗಿನ ಬರಹವನ್ನೆಲ್ಲ, ನೀವು ಕೋಡ್ ಎನ್ನುವುದನ್ನು, ಬಿಚ್ಚಿಡಬೇಕು. ಆಮೇಲೆ ಇಬ್ಬರು ಬಳಸಿ ನೋಡುತ್ತಾರೆ: ಅದು ನಿಜವಾಗಿ ಬೇಕಾದವರು ಒಬ್ಬರು, ಹುಳುಕು ಹುಡುಕಲೆಂದೇ ಕೂತ ಕೆದಕಾಳು ಒಬ್ಬರು. ಅಷ್ಟು ಹೊತ್ತೂ ಮಾಡಿದವರು ತುಟಿ ಬಿಚ್ಚುವಂತಿಲ್ಲ. ಕೈಯಾಳು ಮನೆಮನೆಗೆ ಹೋದ ಮೇಲೆ ಸಮಜಾಯಿಷಿ ಕೊಡಲು ಅವರೇನು ಹಿಂದೆ ಹೋಗುತ್ತಾರೆಯೇ? ಬೇಡವೆಂದರೆ ಕಾರಣವನ್ನು ಎದುರಿಗೇ, ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದವರೇ ಚಹಾ ಕುಡಿಸಬೇಕು.

ಕಳೆದ ರವಿವಾರ ನಾನು ‘ಹಂಚಿನ ಕಿವಿ’ಯನ್ನು ಒಯ್ದಿದ್ದೆ. ನಮ್ಮ ಓಣಿಯಲ್ಲಿ ಖಾನಾವಳಿ ನಡೆಸುವ ದ್ಯಾಮವ್ವನಿಗಾಗಿ ಮಾಡಿದ್ದು. ಆಕೆಯ ಕಣ್ಣು ಮಂಜಾಗಿದೆ, ಕೈ ಸುಟ್ಟುಕೊಂಡದ್ದೂ ಆಗಿದೆ. ಇನ್ನೊಮ್ಮೆ ಸುಟ್ಟರೆ ಒಲೆಯ ಮುಂದೆ ಕೂರುವುದೇ ಬೇಡವೆಂದು ಮಗ ಹೇಳಿಬಿಟ್ಟಿದ್ದಾನೆ. ಒಲೆ ಬಿಟ್ಟ ದ್ಯಾಮವ್ವನನ್ನು ನೆನೆಸಿಕೊಳ್ಳಲೂ ನನ್ನಿಂದಾಗದು. ರೊಟ್ಟಿ ಬೆಂದು ಪಟ್ ಎಂದು ಸಿಡಿಯುವುದನ್ನು ಕೇಳಿ ನನ್ನ ಕೈಯಾಳು ‘ತಿರುವಿ ಹಾಕ್ರಿ’ ಎನ್ನುತ್ತದೆ. ನಮ್ಮ ಮನೆಯಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ಆ ಧೈರ್ಯದ ಮೇಲೆ, ಕಟ್ಟೆಯ ತಪಾಸಣೆಯೇ ದಂಡ ಎಂದು ಕರಪತ್ರವನ್ನೂ ಹಂಚಿದ್ದೆ. ‘ಬಾಗಿಲು ಕಿತ್ತೊಗೆಯಿರಿ’ ಎಂಬುದು ಅದರ ತಲೆಬರಹ.

ಬೇಕಾದವಳಾಗಿ ದ್ಯಾಮವ್ವ ಕಟ್ಟೆಯ ಮೇಲೆಯೇ ಒಲೆ ಹೂಡಿ ಕೂತಿದ್ದಳು. ಕೆದಕಾಳಾಗಿ ಮಕ್ತುಂಸಾಬ ಚಾಚಾ ಕೂತಿದ್ದರು. ಅವರು ಮಾಡಿದ್ದಿಷ್ಟೇ: ಖಾನಾವಳಿಯ ಹೆಂಗಸರನ್ನು ದ್ಯಾಮವ್ವನ ಪಕ್ಕ ಕೂರಿಸಿ ಎಂದಿನಂತೆ ರೊಟ್ಟಿ ಬಡಿಯಲು ಹೇಳಿದರು. ಪಟಪಟ ಸದ್ದು ಎದ್ದದ್ದೇ ತಡ, ನನ್ನ ಕೈಯಾಳಿಗೆ ಹುಚ್ಚು ಹಿಡಿಯಿತು. ‘ತಿರುವಿ ಹಾಕ್ರಿ, ತಿರುವಿ ಹಾಕ್ರಿ’ ಎಂದು ಒಂದೇ ಸಮನೆ ಕೂಗತೊಡಗಿತು. ನಮ್ಮ ಮನೆಯಲ್ಲಿ ರೊಟ್ಟಿ ಒತ್ತುವುದು ಯಂತ್ರ. ಕೈಯಿಂದ ಬಡಿಯುವ ಸದ್ದನ್ನು ಅದು ಕೇಳಿಯೇ ಇರಲಿಲ್ಲ.

“ಏನವ್ವಾ ದಾಕ್ಷಾಯಣಿ, ಇದಕ್ಕ ನಮ್ಮ ಸೊಸಿಗಿಂತ ಅವಸರ ಐತಲ್ಲ!” ಎಂದಳು ದ್ಯಾಮವ್ವ. “ಇದರ ಮಾತ ಕೇಳಿದ್ರ ಮತ್ತ ಕೈ ಸುಟ್ಗೋತೀನಿ ನಾ.”

ಕಟ್ಟೆಗೆ ಕಟ್ಟೆಯೇ ನಕ್ಕಿತು. ನಾನು ತುಟಿ ಕಚ್ಚಿಕೊಂಡು ಕೂತೆ.

“ಬಾಗಲಾ ಕಿತ್ತೊಗೀರಿ ಅಂತ ಬರದಾಕಿ ನೀನ ಹೌದಲ್ಲ ಬೇಟಿ?” ಚಾಚಾ ಚಹಾದ ಲೋಟ ಮುಂದೆ ಹಿಡಿದರು. “ಕಿತ್ತಿದ್ರ ಇವತ್ತ ಇದು ಸೀದಾ ಆಕಿ ಒಲಿಮುಂದ ಕುಂದರ್ತಿತ್ತು. ಕುಡಿ, ಆರತೈತಿ.”

ಚಹಾ ಕುಡಿದೆ. ಬರಹ ಬಿಚ್ಚಿಟ್ಟಿತ್ತಲ್ಲ, ಅಷ್ಟರಲ್ಲಿ ಗುಂಪಿನವರು ಅದರೊಳಗೆ ತಲೆ ತೂರಿಸಿ ವಾದಕ್ಕೆ ಇಳಿದಿದ್ದರು. ಮಧ್ಯಾಹ್ನವೆಲ್ಲ ಒಬ್ಬೊಬ್ಬರಾಗಿ ಬಂದು ರೊಟ್ಟಿ ಬಡಿದು, ಬಡಿಯುವ ಸದ್ದು ಯಾವುದು, ಬೇಯುವ ಸದ್ದು ಯಾವುದು ಎಂದು ಕೈಯಾಳಿಗೆ ಕಲಿಸಿದರು. ಬಡಿಯಲು ಬಾರದವರ ರೊಟ್ಟಿಗಳು ಯಾವ ಯಾವ ಆಕಾರದಲ್ಲಿದ್ದವೋ, ಹೇಳಲಾರೆ. ಸಂಜೆ ದ್ಯಾಮವ್ವ ಮತ್ತೆ ಹಂಚಿನ ಮುಂದೆ ಕೂತಳು. ಬುಟ್ಟಿ ತುಂಬಿತು, ಕೈ ಸುಡಲಿಲ್ಲ. ಮಗ ಒಂದು ರೊಟ್ಟಿ ತಿಂದು ಇನ್ನೊಂದಕ್ಕೆ ಕೈ ಚಾಚಿದ.

ನನ್ನ ಕರಪತ್ರವನ್ನು ನಾನು ಹಿಂದಕ್ಕೆ ಪಡೆದಿಲ್ಲ. ಒಂದು ಸಾಲು ಸೇರಿಸಿದ್ದೇನೆ: ಬಾಗಿಲು ಕಿತ್ತ ಮೇಲೆ ಹೊಸ್ತಿಲಲ್ಲಿ ನಾವೇ ಕೂರಬೇಕು.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನಮ್ಮ ಕಟ್ಟೆಯ ಕಲ್ಲಿನ ಮೇಲೆ ಮೊದಲ ಸಭೆಯ ದಿನವನ್ನು ಕೊರೆದಿದ್ದಾರೆ. ಕೂತು ಕೂತು ಜನ ಅದರ ತಾರೀಖನ್ನೂ ಇಸವಿಯನ್ನೂ ಸವೆಸಿಬಿಟ್ಟಿದ್ದಾರೆ. ವಾರ ಮತ್ತು ಹೊತ್ತು ಮಾತ್ರ ಉಳಿದಿವೆ. ಬಂದವರು ನಿಮ್ಮ ಕಾಲದವರು ಎಂಬುದಷ್ಟೇ ಗೊತ್ತು, ಹೆಸರುಗಳಿಲ್ಲ. ಹಾಗಾಗಿ ಅದು ನೀವೇ ಆಗಿರಬಹುದು, ಬರುವ ವಾರವೇ ಆಗಿರಬಹುದು. ನೀವು ಬಾರದಿದ್ದರೆ ಈ ಕಟ್ಟೆಯಿಲ್ಲ, ಕಟ್ಟೆಯಿಲ್ಲದಿದ್ದರೆ ದ್ಯಾಮವ್ವನಿಗೆ ಒಲೆ ಇಲ್ಲ. ತಿರಸ್ಕಾರವಾದ ನಿಮ್ಮ ಆ್ಯಪ್‌ಗಳನ್ನು ತನ್ನಿ, ಕೆದಕುವ ನೆರೆಯವರನ್ನು ತನ್ನಿ, ಚಹಾ ಜಾಸ್ತಿಯೇ ತನ್ನಿ. ಅದೇ ಹೊತ್ತಿಗೆ ನಾವೂ ಅಲ್ಲೇ ಕೂತಿರುತ್ತೇವೆ.

ಉಣಕಲ್ ಕೆರೆಯ ದಂಡೆ. ರವಿವಾರ, ಬೆಳಿಗ್ಗೆ ಹತ್ತು ಗಂಟೆ.

ದಾಕ್ಷಾಯಣಿ ಹೂಗಾರ